ಕನ್ನಡಿಯ ದೇವರಿಗೆ ಯಶು ಹೇಳಿದ್ದು

ಹೊಸದಾಗಿ ನರ್ಸರಿ ಕೆಲಸಕ್ಕೆ ಸೇರಿದ ಹುಡುಗಿಯರು ಈಗಲೂ ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಬಂದವರು ಮೊದಲು ಕೇಳುವ ಪ್ರಶ್ನೆ ಒಂದೇ: "ಮಿಸ್, ಮಕ್ಕಳನ್ನ ಸುಮ್ನೆ ಕೂರ್ಸೋದು ಹೇಗೆ?"

ಫ್ರ್ಯಾಂಕ್ಲಿ, ನನಗೆ ಗೊತ್ತಿಲ್ಲ. ದೊಡ್ಡಬಳ್ಳಾಪುರದ ಒಂದು ಸಣ್ಣ ಶಾಲೆಗೆ ತಲೆಗೂದಲು ಕಪ್ಪಗಿದ್ದಾಗ ಸೇರಿದೆ, ಬೆಳ್ಳಗಾದ ಮೇಲೆ ಹೊರಗೆ ಬಂದೆ. ಅಷ್ಟು ವರ್ಷದಲ್ಲಿ ನಾನು 'ಸಿಟ್ ಡೌನ್' ಎಂದದ್ದಕ್ಕೇ ಕೂತ ಮಗು ಒಂದೂ ನೆನಪಿಗೆ ಬರುವುದಿಲ್ಲ. ಕೂತಿದ್ದರೆ ಕಾಲಿಗೆ ಇರುವೆ ಕಚ್ಚಿರುತ್ತಿತ್ತು, ಇಲ್ಲವೇ ಚಡ್ಡಿ ಒದ್ದೆಯಾಗಿರುತ್ತಿತ್ತು.

ನಿಜವಾಗಿ ಸುಮ್ಮನೆ ಕೂತ ಮಗು ಒಂದೇ, ಯಶಸ್ವಿನಿ. ನಮಗೆಲ್ಲ ಯಶು. ನಾನು ನಿವೃತ್ತಳಾದ ವರ್ಷ ನಾಲ್ಕೂವರೆಯ ಆ ಹುಡುಗಿ ಒಂದು ಸೋಮವಾರ ಬಂದು ಮೂಲೆಯಲ್ಲಿ ಕೂತಳು. ಮಾತಾಡಲಿಲ್ಲ, ಊಟದ ಡಬ್ಬಿ ತೆರೆಯಲಿಲ್ಲ. ಮಂಗಳವಾರವೂ ಹಾಗೆಯೇ. ಆ ವಾರವೆಲ್ಲ ನನಗೂ ಊಟ ಸೇರಲಿಲ್ಲ. ಈ ಬರಹ ಅವಳಿಗಾಗಿಯೇ. ಆದರೆ ಅವಳನ್ನು ಅರ್ಥ ಮಾಡಿಕೊಳ್ಳಲು ನನಗೆ ಬೇಕಾದ ಪಾಠಗಳನ್ನು ಕಲಿಸಿದ್ದು ಅವಳಿಗಿಂತ ಮೊದಲು ಬಂದ ಮಕ್ಕಳು. ಆದ್ದರಿಂದ ಅವರಿಂದಲೇ ಶುರು ಮಾಡುತ್ತೇನೆ. ಸ್ವಲ್ಪ ತಾಳ್ಮೆ ಇರಲಿ, ಮೈ ಡಿಯರ್ಸ್.

ನಾನು ಓದಿದ್ದು ಬೆಂಗಳೂರಿನ ಕಾನ್ವೆಂಟಿನಲ್ಲಿ. ಸಿಸ್ಟರ್‌ಗಳು ನನಗೆ ಕರ್ಸಿವ್ ರೈಟಿಂಗ್ ಕಲಿಸಿದರು, ಬೆನ್ನು ನೆಟ್ಟಗಿಟ್ಟು ಕೂರುವುದನ್ನು ಕಲಿಸಿದರು, ಒಂದು ಪ್ರಶ್ನೆಗೆ ಒಂದೇ ಉತ್ತರ ಎಂಬ ನಂಬಿಕೆಯನ್ನೂ ಕಲಿಸಿದರು. ಮದುವೆಯಾಗಿ ದೊಡ್ಡಬಳ್ಳಾಪುರಕ್ಕೆ ಬಂದಾಗ ಇವಿಷ್ಟನ್ನೂ ಜೊತೆಗೇ ತಂದೆ. ಮೊದಲೆರಡು ಉಳಿದುಕೊಂಡವು. ಮೂರನೆಯದನ್ನು ಮಕ್ಕಳು ಬಿಡಿಸಿದರು.

ಮೊದಲ ದಿನವೇ ಒಂದು ಪುಟಾಣಿ ಎದುರಿಗೆ ನಿಂತು "ಮಿಸ್! ನೀರು!" ಎಂದು ಕಿವಿ ಹರಿಯುವ ಹಾಗೆ ಕೂಗಿತು. ಎಂಥ ಮ್ಯಾನರ್ಸ್ ಎಂದುಕೊಂಡೆ. ನೋಡಿದರೆ ಅರ್ಧ ಕ್ಲಾಸು ಹಾಗೆಯೇ ಕೂಗುತ್ತಿತ್ತು. ಆಮೇಲೆ ಒಂದು ದಿನ ಆ ಮಗುವಿನ ಮನೆಗೆ ಹೋದೆ. ನಡುಮನೆಯಲ್ಲೇ ವಿದ್ಯುತ್ ಮಗ್ಗ ಖಟಖಟ ಎನ್ನುತ್ತಿತ್ತು, ಪಕ್ಕದಲ್ಲಿ ತೊಟ್ಟಿಲು. ಆ ಮನೆಯಲ್ಲಿ ಪಿಸುಮಾತು ಆಡಿದರೆ ಯಾರಿಗೆ ಕೇಳಬೇಕು? ಪಾಪ, ಅವು ನನಗೆ ಮರ್ಯಾದೆಯಿಂದಲೇ ಕೂಗುತ್ತಿದ್ದವು. ಮಗು ಏನು ಮಾಡಿತು ಎನ್ನುವುದಕ್ಕಿಂತ ಅದು ಎಲ್ಲಿ ನಿಂತು ಅದನ್ನು ಕಲಿಯಿತು ಎಂದು ನೋಡಬೇಕೆಂದು ಅವತ್ತು ತಿಳಿಯಿತು.

ಆಗ ನಮ್ಮ ಶಾಲೆಯಲ್ಲೇ ಮಧ್ಯಾಹ್ನದ ಊಟ. ಆಯಾ ಗೌರಮ್ಮ ನಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡ ರಾಗಿಮುದ್ದೆ ಕಟ್ಟಿ ಎಲ್ಲರಿಗೂ ಒಂದೊಂದು ಹಾಕುತ್ತಿದ್ದಳು. ಒಂದು ದಿನ ಮಂಜ ಎಂಬ ಹುಡುಗ ರಂಪ ತೆಗೆದ. "ನಂಗೆ ಕಮ್ಮಿ! ಅವನಿಗೆ ಜಾಸ್ತಿ!" ಪಕ್ಕದವನು ತನ್ನ ಮುದ್ದೆಯನ್ನು ತಟ್ಟಿ ತಟ್ಟೆಯ ತುಂಬ ಹರಡಿಕೊಂಡಿದ್ದ, ಅಷ್ಟೆ. ನಾನು ಮಂಜನ ಮುದ್ದೆಯನ್ನು ತಟ್ಟಿದೆ.

"ಈಗ?"

"ಜಾಸ್ತಿ."

ಮತ್ತೆ ಉಂಡೆ ಮಾಡಿದೆ. "ಈಗ?"

"ಕಮ್ಮಿ."

ಅದೇ ಮುದ್ದೆ ಕಣೋ, ನಾನು ಏನಾದರೂ ಸೇರಿಸಿದೆನಾ, ತೆಗೆದೆನಾ ಎಂದು ಪಾಠ ಮಾಡುತ್ತಾ ತಟ್ಟಿದೆ, ಕಟ್ಟಿದೆ, ತಟ್ಟಿದೆ. ಅವನು ಬೇಸರವಿಲ್ಲದೆ ಜಾಸ್ತಿ, ಕಮ್ಮಿ, ಜಾಸ್ತಿ ಎನ್ನುತ್ತಾ ಹೋದ. ಕೊನೆಗೆ ನನ್ನ ಕೈ ಹಿಡಿದುಕೊಂಡು, "ಮಿಸ್, ಜಾಸ್ತಿ ಇರೋವಾಗ್ಲೇ ನಿಲ್ಸ್‌ಬಿಡಿ" ಎಂದ.

ಗೌರಮ್ಮ ಸೌಟು ಹಿಡಿದು ನಗುತ್ತಾ ನಿಂತಿದ್ದಳು. "ನಿಮ್ ಪಾಠ ಮುಗಿಯೋಷ್ಟರಲ್ಲಿ ಮುದ್ದೆ ತಣ್ಗಾಯ್ತು ಬುಡಿ" ಎಂದಳು.

ಆ ವಯಸ್ಸಿನ ಮಗುವಿಗೆ ಒಂದು ಸಲಕ್ಕೆ ಒಂದೇ ಕಾಣುತ್ತದೆ. ಅಗಲ ನೋಡಿದರೆ ದಪ್ಪ ಮರೆತಿರುತ್ತದೆ. ಮಂಜ ಎರಡನೇ ಕ್ಲಾಸಿಗೆ ಹೋದ ಮೇಲೆ ಅದೇ ಪ್ರಶ್ನೆಯನ್ನು ಬೇಕೆಂದೇ ಕೇಳಿದೆ. ಅವನು ನನಗೆ ವಯಸ್ಸಾಯಿತೆಂದು ಮರುಗುವವನ ಹಾಗೆ ನೋಡಿ, "ಅದೇ ಮುದ್ದೆ ಅಲ್ವಾ ಮಿಸ್?" ಎಂದ. ಯಾರೂ ಕಲಿಸಿರಲಿಲ್ಲ. ತಾನಾಗಿ ಬಂದಿತ್ತು. ನನ್ನ ಉಪನ್ಯಾಸದಿಂದ ಆದ ಉಪಯೋಗ ಇಷ್ಟೇ: ಅವನಿಗೆ ತಣ್ಣನೆಯ ಮುದ್ದೆ.

ನಮ್ಮ ಹೆಡ್ ಮಿಸ್ ಪದ್ಮಾವತಿಯವರಿಗೆ ಇದೆಲ್ಲ ಟೈಮ್‌ವೇಸ್ಟ್. ಮೂರು ವರ್ಷಕ್ಕೇ ಸ್ಲೇಟು, ನಾಲ್ಕಕ್ಕೆ ಕಾಪಿ ಬರೆಯಬೇಕು. ಒಮ್ಮೆ ಇಲಾಖೆಯ ಸಾಹೇಬರು ಬರುತ್ತಾರೆಂದು ಮಕ್ಕಳಿಗೆ ವಾರವಿಡೀ ಬಾಯಿಪಾಠ ಮಾಡಿಸಿದರು. ಸಾಹೇಬರು ಬಂದವರು ಕಲಿಸಿದ್ದೊಂದನ್ನೂ ಕೇಳದೆ ಒಬ್ಬ ಹುಡುಗನ ಕೆನ್ನೆ ತಟ್ಟಿ, "ಏನಪ್ಪಾ, ಸೂರ್ಯ ಸಾಯಂಕಾಲ ಎಲ್ಲಿಗೆ ಹೋಗ್ತಾನೆ?" ಎಂದರು.

"ನೈಟ್ ಶಿಫ್ಟಿಗೆ" ಎಂದ ಹುಡುಗ. ಅವನ ಅಪ್ಪ ಬಾಶೆಟ್ಟಿಹಳ್ಳಿಯ ಕಾರ್ಖಾನೆಗೆ ಹೊರಡುವುದು ಆ ಹೊತ್ತಿಗೇ.

ಹೆಡ್ ಮಿಸ್ ಕಣ್ಣು ಮುಚ್ಚಿಕೊಂಡರು. ಸಾಹೇಬರು ಗಂಭೀರವಾಗಿ, "ಹೌದಾ? ಹಗಲು ನಿದ್ದೆ ಮಾಡಲ್ವಾ ಹಾಗಾದ್ರೆ?" ಎಂದು ಕೇಳಿದರು.

"ಅದಕ್ಕೇ ಮೋಡ ಹೊದ್ಕೊಳ್ಳೋದು!"

ಸಾಹೇಬರು ನಕ್ಕು ನಕ್ಕು ಕಾಫಿ ಚೆಲ್ಲಿಕೊಂಡರು. ಆ ಹುಡುಗ ತಪ್ಪು ಹೇಳಿದ ಎಂದು ಹೇಳಬಹುದು. ನಾನು ಹೇಳಲಾರೆ. ತನ್ನ ಮನೆಯಲ್ಲಿ ಕಂಡದ್ದನ್ನು ಹಿಡಿದು ಆಕಾಶದವರೆಗೆ ಏಣಿ ಹಾಕಿದ್ದ. ಅವರ ಲೋಕದಲ್ಲಿ ಎಲ್ಲಕ್ಕೂ ಜೀವವಿದೆ, ಎಲ್ಲಕ್ಕೂ ಕಾರಣವಿದೆ, ಆಗುವುದೆಲ್ಲ ಯಾರೋ ಒಬ್ಬರು ಮಾಡಿಸಿದ್ದು. ಈ ಕೊನೆಯದನ್ನು ನೆನಪಿಟ್ಟುಕೊಳ್ಳಿ, ಯಶುವಿನ ವಿಷಯಕ್ಕೆ ಇದೇ ಬೇಕಾದದ್ದು.

ಕಾಲ ಬದಲಾಯಿತು. ಸ್ಲೇಟು ಹೋಗಿ ಆಟವಾಡಿಸಿ ಕಲಿಸುವ ಪ್ಲೇ ವೇ ಬಂತು, ಪ್ಲೇ ವೇ ಹೋಗಿ ವರ್ಕ್‌ಶೀಟ್ ಬಂತು, ಆಮೇಲೆ ಗೋಡೆಗೆ ದೊಡ್ಡ ಟಿವಿ. ಮೊದಲು ಮಕ್ಕಳು ಫೋನಿನಲ್ಲಿ ಅಜ್ಜಿಗೆ ತಲೆಯಾಡಿಸಿಯೇ ಉತ್ತರ ಕೊಡುತ್ತಿದ್ದವು, ಬಿಡಿಸಿದ ಚಿತ್ರವನ್ನು ಫೋನಿಗೆ ಹಿಡಿದು "ನೋಡು" ಎನ್ನುತ್ತಿದ್ದವು. ತನಗೆ ಕಂಡದ್ದು ಎಲ್ಲರಿಗೂ ಕಾಣುತ್ತದೆ ಎಂಬ ನಂಬಿಕೆ. ಹೊಸ ಟೀಚರ್‌ಗಳಿಗೆ ನಾನು ಇದನ್ನೇ ಎಕ್ಸಾಂಪಲ್ ಕೊಡುತ್ತಿದ್ದೆ. ವಿಡಿಯೋ ಕಾಲ್ ಬಂದು ನನ್ನ ಎಕ್ಸಾಂಪಲ್ ಕೆಡಿಸಿಬಿಟ್ಟಿತು. ಈಗ ಅಜ್ಜಿಗೆ ನಿಜವಾಗಿಯೂ ಕಾಣುತ್ತದೆ!

ಇನ್ನು ಯಶು.

ಅವಳ ಅಪ್ಪನಿಗೆ ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ ಸರಕು ಇಳಿಸುವ ಕೆಲಸ. ಮನೆಯಲ್ಲಿ ಅಮ್ಮ, ಅಜ್ಜಿ ನಂಜಮ್ಮ, ಮತ್ತು ಕೆಲವೇ ತಿಂಗಳ ಹಿಂದೆ ಬಂದ ತಮ್ಮ. ಕ್ಲಾಸಿನಲ್ಲಿ ಅವಳಷ್ಟು ಮಾತಿನ ಮಲ್ಲಿ ಯಾರೂ ಇರಲಿಲ್ಲ. ದಿನಾ ತಮ್ಮನ ಮೇಲೆ ಒಂದು ಕಂಪ್ಲೇಂಟ್. "ಮಿಸ್, ಪಾಪೂಗೆ ಹಲ್ಲೇ ಇಲ್ಲ. ಆಟ ಆಡಕ್ಕೂ ಬರಲ್ಲ. ಬರೀ ಅಳತ್ತೆ, ಅಮ್ಮ ಬರೀ ಎತ್ಕೊಳತ್ತೆ."

ಅಂಥವಳು ಮಾತು ಬಿಟ್ಟಳು. ವಿಷಯ ಇಷ್ಟೇ ಗೊತ್ತಿತ್ತು: ತಮ್ಮನಿಗೆ ಜ್ವರ ಬಂದು ಎದೆಗೆ ಇಳಿದು, ಬೆಂಗಳೂರಿನ ಆಸ್ಪತ್ರೆಗೆ ಸೇರಿಸಿದ್ದಾರೆ. ಅಮ್ಮ ಅಲ್ಲೇ ಇದ್ದಾಳೆ. ಅಮ್ಮನಿಲ್ಲದೆ ಯಶು ಸೊರಗಿದ್ದಾಳೆ ಎಂದು ನಾವೆಲ್ಲ ಅಂದುಕೊಂಡೆವು. ಅಮ್ಮ ಬರ್ತಾರೆ ಕಣೇ, ನಾಳೆ ಬರ್ತಾರೆ ಎಂದೆ. ಅವಳು ನನ್ನನ್ನು ನೋಡಿ ಅಂಗೈಯಿಂದ ಬಾಯಿ ಮುಚ್ಚಿಕೊಂಡಳು. ಒಂದು ತುತ್ತು ತಿನ್ನು ಎಂದರೂ ಅದೇ. ಮನೆಯಲ್ಲಿ ಅಜ್ಜಿ ಹೇಗೋ ಒಂದಿಷ್ಟು ಹಾಲು ಕುಡಿಸುತ್ತಿದ್ದರಂತೆ. ಗಂಟಲು ನೋವಿರಬೇಕೆಂದು ಅಜ್ಜಿ ಡಾಕ್ಟರಿಗೆ ತೋರಿಸಿದರು. ಗಂಟಲು ಚೆನ್ನಾಗಿತ್ತು.

ಆಫ್ರೀನ್ ಆಗ ನನ್ನ ಜೊತೆಗಿದ್ದ ಹೊಸ ಟೀಚರ್, ಪೇಟೆಯ ಹುಡುಗಿ, ಟ್ರೈನಿಂಗ್ ಮುಗಿಸಿ ಬಂದಿದ್ದಳು. "ಮಿಸ್, ಇವಳು ಅಳ್ತಾ ಇಲ್ಲ ನೋಡಿ" ಎಂದಳು. "ಅಮ್ಮ ಬೇಕು ಅನ್ನೋ ಮಗು ಅಳತ್ತೆ. ಇವಳು ಹೆದರಿದಾಳೆ."

"ಯಾರಿಗೆ?"

"ಅದೇ ಗೊತ್ತಾಗ್ತಿಲ್ಲ ಮಿಸ್. ಆಟಕ್ಕೆ ಬಿಟ್ಟು ನೋಡೋಣ. ಕೇಳೋದು ಬೇಡ."

ಗೊಂಬೆ ಮೂಲೆಯಲ್ಲಿ ಮಕ್ಕಳು ಆಸ್ಪತ್ರೆ ಆಟ ಆಡುತ್ತಿದ್ದರು. ಯಶುವನ್ನು ಅವರ ಹತ್ತಿರ ಕೂರಿಸಿ ನಾವಿಬ್ಬರೂ ಬೇರೆ ಕೆಲಸ ಇರುವವರ ಹಾಗೆ ನಟಿಸಿದೆವು. ಡಾಕ್ಟರಾಗಿದ್ದ ಹುಡುಗ ಅವಳ ತೊಡೆಯ ಮೇಲೆ ಒಂದು ಗೊಂಬೆ ಹಾಕಿ, "ಏನಾಗಿದೆಯಮ್ಮ ನಿಮ್ ಮಗೂಗೆ?" ಎಂದ. ಯಶು ಬಹಳ ಹೊತ್ತು ಗೊಂಬೆಯನ್ನು ನೋಡಿದಳು. ಎದ್ದು ಹೋಗಿ ಅದನ್ನು ಬ್ಲಾಕ್ಸ್ ಡಬ್ಬಿಯಲ್ಲಿಟ್ಟು ಮುಚ್ಚಳ ಮುಚ್ಚಿದಳು. ಆಮೇಲೆ ನೇರವಾಗಿ ನನ್ನ ಹತ್ತಿರ ಬಂದು, ನನ್ನ ಕಿವಿಗೆ ಬಾಯಿಟ್ಟು, ಉಸಿರಿನಲ್ಲೇ ಕೇಳಿದಳು:

"ಮಿಸ್, ಹೇಳ್ಬಿಟ್ಟಿದ್ದನ್ನ ವಾಪಸ್ ತಗೋಬಹುದಾ?"

"ಏನು ಹೇಳಿದ್ದೆ ಪುಟ್ಟಾ?"

"ಪಾಪೂನ ತಗೊಂಡ್ಹೋಗು ಅಂತ. ಕನ್ನಡಿ ದೇವ್ರಿಗೆ." ಹೇಳಿದವಳೇ ಮತ್ತೆ ಬಾಯಿ ಮುಚ್ಚಿಕೊಂಡಳು.

ಬಿಡಿಸಿ ಬಿಡಿಸಿ ಕೇಳಿದಾಗ ಕತೆ ಹೊರಬಿತ್ತು. ಮಗು ಹುಟ್ಟಿದಾಗ ಅಜ್ಜಿ ಅವಳಿಗೆ, ಘಾಟಿಗೆ ಹೋಗಿ ಕೇಳಿಕೊಂಡೆವು, ಸುಬ್ಬಪ್ಪ ಕೊಟ್ಟ ಎಂದಿದ್ದರು. ಆಮೇಲೆ ಎಲ್ಲರೂ ಮಗುವನ್ನು ಎತ್ತಿಕೊಂಡು ಘಾಟಿಯ ದೇವಸ್ಥಾನಕ್ಕೆ ಹೋಗಿದ್ದಾರೆ. ಅಲ್ಲಿ ಎದುರಿಗೆ ಕಾಣುವುದು ಸುಬ್ರಹ್ಮಣ್ಯ. ಅದೇ ಕಲ್ಲಿನ ಬೆನ್ನಿಗಿರುವ ನರಸಿಂಹ ಕಾಣಬೇಕಾದರೆ ಹಿಂದೆ ಇಟ್ಟಿರುವ ಕನ್ನಡಿಯಲ್ಲೇ ನೋಡಬೇಕು. ಯಶು ಯೋಚಿಸಿದ್ದಾಳೆ. ಮುಂದಿನ ದೇವರು ಕೊಟ್ಟದ್ದು. ಹಿಂದಿನ ದೇವರು ಸುಮ್ಮನೆ ನಿಂತಿದ್ದಾನೆ. ಅವನಿಗೆ ಹೇಳಿದ್ದಾಳೆ, ವಾಪಸ್ ತಗೋ ಎಂದು.

"ಕೊಟ್ಟೋರಿಗೇ ಯಾಕೆ ಹೇಳ್ಲಿಲ್ಲ?" ಎಂದಳು ಆಫ್ರೀನ್, ತಡೆಯಲಾರದೆ.

"ಅವ್ರಿಗೆ ಬೇಜಾರಾಗಲ್ವಾ ಮಿಸ್?"

ಘಾಟಿಗೆ ಹೋಗಿಬಂದ ವಾರವೇ ಮಗುವಿಗೆ ಜ್ವರ ಏರಿತ್ತು. ಅವಳ ಲೆಕ್ಕದಲ್ಲಿ ದೇವರು ಕೇಳಿಸಿಕೊಂಡಿದ್ದ, ಮಗುವನ್ನು ತೆಗೆದುಕೊಳ್ಳಲು ಶುರು ಮಾಡಿದ್ದ. ಇನ್ನು ತಾನು ಬಾಯಿ ಬಿಟ್ಟರೆ ಏನೇನಾಗುತ್ತದೋ ಎಂದು ಬಾಯನ್ನೇ ಮುಚ್ಚಿಬಿಟ್ಟಿದ್ದಳು. ಊಟಕ್ಕೂ ಅದನ್ನೇ ತೆರೆಯಬೇಕಲ್ಲ!

ನಾನು ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು ದೊಡ್ಡವರು ಮಾಡುವುದನ್ನೇ ಮಾಡಿದೆ, ವಿವರಣೆ ಕೊಟ್ಟೆ. ನೀನು ಹೇಳಿದ್ದಕ್ಕಲ್ಲ ಪುಟ್ಟಾ, ಜ್ವರ ಬಂದದ್ದು ವೈರಸ್ಸಿನಿಂದ ಎಂದೆ. ಅವಳು ಕೇಳಿಸಿಕೊಂಡು, ಕಿವಿಯಲ್ಲಿ, "ವೈರಸ್ಸನ್ನ ಯಾರು ಕಳ್ಸಿದ್ದು?" ಎಂದಳು. ಮಂಜನ ಮುದ್ದೆಗೆ ಆದದ್ದೇ ನನ್ನ ವೈರಸ್ಸಿಗೂ ಆಯಿತು.

ಸಾಯಂಕಾಲ ನಂಜಮ್ಮನವರು ಮೊಮ್ಮಗಳನ್ನು ಕರೆದುಕೊಂಡು ಹೋಗಲು ಬಂದಾಗ ಅವರನ್ನು ಒಳಗೆ ಕರೆದು ಎಲ್ಲ ಹೇಳಿದೆ. ಅವರು ಸೆರಗಿನಿಂದ ಬಾಯಿ ಒತ್ತಿಕೊಂಡರು.

"ಅಯ್ಯೋ ನನ್ ಕಂದ! ಇಷ್ಟೇನಾ? ನಾಳೀಕೆ ಇವ್ಳ ಕೈಯಾಗೇ ಒಂದು ತಪ್ಪುಕಾಣಿಕೆ ಕಟ್ಟಿಸ್ಬುಡ್ತೀನಿ ಮೇಡಮ್ಮೋರೆ. ಅರಿಶಿನದ ಬಟ್ಟೇಲಿ ದುಡ್ಡು ಕಟ್ಟಿ ದೇವ್ರ ಮುಂದಿಟ್ಟು, ತಪ್ಪಾಯ್ತು ಅಂತ ಹೇಳ್ಲಿ. ಸರೋಗ್ತದೆ."

ಅವರದು ಪ್ರೀತಿಯ ಮಾತು. ಆದರೆ ಆ ಗಂಟು ಕಟ್ಟಿದ ಗಳಿಗೆಯಲ್ಲಿ ಮಗುವಿನ ಕೈಯಲ್ಲಿ ಅವಳ ತಪ್ಪು ಖಾಯಂ ಆಗುತ್ತದೆ. ತಮ್ಮನಿಗೇನಾದರೂ ಹೆಚ್ಚುಕಡಿಮೆಯಾದರೆ ಜೀವನಪೂರ್ತಿ ಅದು ಬಿಚ್ಚಿಕೊಳ್ಳುವುದಿಲ್ಲ.

"ಅಜ್ಜಿ, ಅವಳ ಕೈಯಿಂದ ಬೇಡ. ಅವಳು ಮಾಡಿದ್ದು ತಪ್ಪೇ ಅಲ್ಲ ಅಂತ ಅವಳಿಗೆ ಅನ್ನಿಸಬೇಕು" ಎಂದೆ.

"ಹಂಗಂತ ದೇವ್ರಿಗೆ ಹೇಳ್ದೆ ಇರಕ್ಕಾಯ್ತದಾ?"

ಪಕ್ಕದಲ್ಲಿದ್ದ ಆಫ್ರೀನ್ ಮೆಲ್ಲನೆ, "ನೀವೇ ಕಟ್ಟಿ ಅಜ್ಜಿ. ನಿಮ್ಮ ಹೆಸರಲ್ಲಿ" ಎಂದಳು.

"ನಾನೇನ್ ತಪ್ ಮಾಡಿವ್ನಿ ಅವ್ವಾ?"

"ದೇವರು ಪಾಪೂನ ಪಾರ್ಸೆಲ್ ಥರ ಕೊಟ್ರು ಅಂತ ಹೇಳಿದ್ದು ನೀವೇ ಅಲ್ವಾ? ಪಾರ್ಸೆಲ್ ಅಂದ್ಮೇಲೆ ಮಕ್ಕಳು ರಿಟರ್ನ್ ಮಾಡ್ತಾರೆ."

ಅಜ್ಜಿ ಬೈಯುತ್ತಾರೆ ಎಂದು ನಾನು ಕಾದೆ. "ಬಲೇ ಹುಡ್ಗಿ ಕಣವ್ವ ನೀನು" ಎಂದು ಅವಳ ಗಲ್ಲ ಚಿವುಟಿದರು. "ಸರಿ, ನಾನೇ ಕಟ್ತೀನಿ. ಇವ್ಳಿಗೆ ಹೇಳಾಕಿಲ್ಲ. ಆದ್ರೆ ಇವ್ಳು ಉಣ್ಣೋ ಹಂಗೆ ಮಾಡೋದು ನಿಮ್ ಜವಾಬ್ದಾರಿ."

ರಾತ್ರಿ ಯೋಚಿಸಿದೆ. ಬಾಯಲ್ಲಿ ಹೇಳಿದ್ದೆಲ್ಲ ಆಗುವುದಿಲ್ಲ ಎಂದು ಅವಳಿಗೆ ವಿವರಿಸಿ ಪ್ರಯೋಜನವಿಲ್ಲ. ಹೇಳಿದರೂ ಆಗುವುದಿಲ್ಲ ಎಂದು ಅವಳ ಕಣ್ಣಿಗೆ ಕಾಣಬೇಕು.

ಮರುದಿನ ಮಕ್ಕಳನ್ನೆಲ್ಲ ಸುತ್ತ ಕೂರಿಸಿ, "ಇವತ್ತು ಒಂದು ಎಕ್ಸ್‌ಪೆರಿಮೆಂಟ್" ಎಂದೆ. "ಎಲ್ಲರೂ ಜೋರಾಗಿ ಹೇಳಿ, ಬ್ಲಾಕ್ಸ್ ಡಬ್ಬಿ ಹಾರಿಹೋಗಲಿ!" ಕ್ಲಾಸೇ ಕಿರುಚಿತು. ಡಬ್ಬಿ ಅಲುಗಲಿಲ್ಲ. "ಈಗ ಹೇಳಿ, ಮಿಸ್ ಕಪ್ಪೆ ಆಗಲಿ!" ಇದನ್ನಂತೂ ಅವರು ಬಹಳ ವರ್ಷದಿಂದ ಕಾದಿದ್ದವರ ಹಾಗೆ ಕೂಗಿದರು. ನಾನು ಕೈಕಾಲು ತಿರುಗಿಸಿ ನೋಡಿಕೊಂಡೆ. "ಇಲ್ಲಪ್ಪ, ಸೀರೆನೇ ಉಟ್ಕೊಂಡಿದೀನಿ."

ಯಶು ಬೆರಳ ಸಂದಿನಿಂದ ನೋಡುತ್ತಿದ್ದಳು. "ನೀನೊಬ್ಬಳೇ ಹೇಳು ಬಾ" ಎಂದೆ. ಬೇಡ ಎಂದು ತಲೆಯಾಡಿಸಿದಳು. ಕಣ್ಣಲ್ಲಿ ನೀರು ತುಂಬಿತು. ನಾನು ಕಪ್ಪೆಯಾಗುವುದು ಅವಳಿಗೆ ಇಷ್ಟವಿರಲಿಲ್ಲ. ಅಷ್ಟು ಪ್ರೀತಿಯನ್ನು ನನಗೆ ಯಾವ ಸರ್ಟಿಫಿಕೇಟೂ ಕೊಟ್ಟಿಲ್ಲ.

ಕಿವಿಯ ಹತ್ತಿರ ಬಂದು ಹೇಳಿದಳು: "ಸುಮ್ನೆ ಹೇಳಿದ್ರೆ ಆಗಲ್ಲ ಮಿಸ್. ಕೋಪ ಬಂದು ಹೇಳಿದ್ರೇನೇ ಆಗೋದು."

ಎಂಥ ಲಾಜಿಕ್! ನನ್ನ ಎಕ್ಸ್‌ಪೆರಿಮೆಂಟಿನ ಹುಳುಕನ್ನು ಹಿಡಿದುಬಿಟ್ಟಳು. ಸರಿ, ಕೋಪ ಬರಿಸಬೇಕು. ಹೊರಗೆ ಆಟಕ್ಕೆ ಹೋಗುವಾಗ ಸಾಲಿನ ಮುಂದೆ ಗಂಟೆ ಹಿಡಿದು ನಡೆಯುವುದು ಅವಳ ಹಕ್ಕು. ಮಾತು ಬಿಟ್ಟ ದಿನಗಳಲ್ಲೂ ಅವಳು ಅದೊಂದನ್ನು ಬಿಟ್ಟಿರಲಿಲ್ಲ. ಅವತ್ತು ಗಂಟೆಯನ್ನು ನಾನೇ ಹಿಡಿದು ಎಲ್ಲರ ಮುಂದೆ ಠೀವಿಯಿಂದ ನಡೆದೆ. ಎರಡು ಸುತ್ತು ಹಾಕುವಷ್ಟರಲ್ಲಿ ಹಿಂದಿನಿಂದ ನನ್ನ ಸೆರಗು ಜಗ್ಗಿತು.

"ಅದು ನಂದು!"

"ಕೊಡಲ್ಲ."

"ನಂದು ಮಿಸ್!"

"ಕೊಡಲ್ಲ ಅಂದ್ರೆ ಕೊಡಲ್ಲ. ಏನ್ಮಾಡ್ತೀಯ?"

ಮುಖ ಟೊಮೆಟೊ ಆಯಿತು. ಕಾಲು ನೆಲಕ್ಕೆ ಅಪ್ಪಳಿಸಿ, ಮಗ್ಗದ ಮನೆಯ ಮಕ್ಕಳನ್ನೂ ಮೀರಿಸುವ ದನಿಯಲ್ಲಿ ಕೂಗಿದಳು: "ಮಿಸ್ಸು ಕಪ್ಪೆ ಆಗ್ಲಿ!"

ತಾನು ಹೇಳಿದ್ದು ಅವಳಿಗೂ ಕೇಳಿಸಿತು. ಎರಡೂ ಕೈ ಬಾಯಿಗೆ ಹೋದವು. ನಾನು ಮಂಡಿಯೂರಿ ಅವಳ ಎದುರು ಕೂತೆ. ಅವಳು ಒಂದು ಕೈ ತೆಗೆದು ನನ್ನ ಕೆನ್ನೆ ಮುಟ್ಟಿದಳು, ಮೂಗು ಮುಟ್ಟಿದಳು, ಕನ್ನಡಕ ಎತ್ತಿ ಕಣ್ಣು ನೋಡಿದಳು.

"ಆಗ್ಲಿಲ್ಲ" ಎಂದಳು.

"ಆಗ್ಲಿಲ್ಲ" ಎಂದೆ.

"ನಂಗೆ ತುಂಬಾ ಕೋಪ ಬಂದಿತ್ತು."

"ನೋಡಿದೆನಲ್ಲ! ಆದ್ರೂ ಆಗ್ಲಿಲ್ಲ."

ಅವಳು ಅಲ್ಲೇ ನಿಂತು ಯೋಚಿಸಿದಳು. ಮಗುವಿನ ಯೋಚನೆ ಕಣ್ಣಿಗೆ ಕಾಣುತ್ತದೆ, ನಂಬಿ. ಹುಬ್ಬು ಗಂಟಾಗುತ್ತದೆ, ನಾಲಗೆ ಕೆನ್ನೆಯೊಳಗೆ ಓಡಾಡುತ್ತದೆ, ಆಮೇಲೆ ಇದ್ದಕ್ಕಿದ್ದ ಹಾಗೆ ಭುಜ ಕೆಳಗಿಳಿಯುತ್ತದೆ. ಅವಳ ಭುಜ ಇಳಿಯಿತು. ನನ್ನ ಕೈಯಿಂದ ಗಂಟೆ ಕಿತ್ತುಕೊಂಡು, "ಮಿಸ್, ಹಸಿವು" ಎಂದಳು. ಅಂಗಳದಲ್ಲೇ ಕೂತು ಡಬ್ಬಿಯ ಚಿತ್ರಾನ್ನವನ್ನೆಲ್ಲ ತಿಂದಳು, ಆಫ್ರೀನಳ ಡಬ್ಬಿಯಿಂದ ಅರ್ಧ ಚಪಾತಿಯನ್ನೂ. ಆಫ್ರೀನ್ ಗೋಡೆಯ ಕಡೆ ತಿರುಗಿ ಕಣ್ಣೊರೆಸಿಕೊಂಡಳು. ನಾನು ನೋಡದವಳ ಹಾಗೆ ಇದ್ದೆ. ನನ್ನದೂ ಅದೇ ಸ್ಥಿತಿ.

ಮಗುವಿನ್ನೂ ಆಸ್ಪತ್ರೆಯಲ್ಲೇ ಇತ್ತು. ಅದು ಮನೆಗೆ ಬಂದದ್ದು ಆಮೇಲೆ ಎಷ್ಟೋ ದಿನಕ್ಕೆ. ಸುದ್ದಿ ತಿಳಿದ ಸಂಜೆಯೇ ನೋಡಲು ಹೋದೆ. ತೆಳ್ಳಗಾಗಿದ್ದ, ಆದರೆ ಕಣ್ಣು ಚುರುಕಾಗಿತ್ತು. ಅಮ್ಮ ಕಾಫಿಗೆ ಎದ್ದಾಗ ಯಶು ನನ್ನ ಪಕ್ಕ ಒತ್ತಿಕೊಂಡು ಕೂತಳು.

"ಮಿಸ್, ಪಾಪು ವಾಸಿ ಆಗ್ಲಿ ಅಂತ ದಿನಾ ಹೇಳ್ತಿದ್ದೆ. ಅದಕ್ಕೇ ವಾಸಿ ಆಗಿದ್ದಲ್ವಾ?"

ಹೌದು ಎನ್ನುವುದು ಎಷ್ಟು ಸುಲಭವಾಗಿತ್ತು! ನಾಲಗೆಯ ತುದಿಗೆ ಬಂದಿತ್ತು. ಆದರೆ ಇದಕ್ಕೆ ಹೌದು ಎಂದರೆ ಕನ್ನಡಿ ದೇವರಿಗೆ ಹೇಳಿದ್ದಕ್ಕೂ ಹೌದು ಎಂದ ಹಾಗೆ. "ಅಲ್ಲ ಪುಟ್ಟಾ. ಡಾಕ್ಟರು ಔಷಧಿ ಕೊಟ್ರು, ಅಮ್ಮ ನೋಡ್ಕೊಂಡ್ರು. ಅದಕ್ಕೆ ವಾಸಿ ಆಯ್ತು" ಎಂದೆ.

ಅವಳ ಮುಖ ಸಣ್ಣಗಾಯಿತು. "ಹಾಗಾದ್ರೆ ನಾನು ಏನೂ ಮಾಡ್ಲಿಲ್ವಾ?"

ಇಡೀ ಲೋಕವನ್ನು ನಡೆಸುತ್ತಿದ್ದ ಹುಡುಗಿಯನ್ನು ನಾನು ಕೆಲಸದಿಂದ ತೆಗೆದುಹಾಕಿದ ಹಾಗಾಯಿತು. ಅವಳು ತೊಟ್ಟಿಲ ಹತ್ತಿರ ಹೋದಳು. ಅಲ್ಲಿ ನೇತುಹಾಕಿದ್ದ ಟವೆಲ್ಲಿನಲ್ಲಿ ಮುಖ ಮರೆಸಿಕೊಂಡಳು, ಅಳುತ್ತಾಳೋ ಎಂದುಕೊಂಡೆ. ಆಮೇಲೆ ಟವೆಲ್ ಸರಿಸಿ ತಮ್ಮನನ್ನು ನೋಡಿದಳು. ಮಗು ಕಿಲಕಿಲ ನಕ್ಕಿತು.

ಯಶು ತಿರುಗಿ ನನ್ನನ್ನು ನೋಡಿದಳು. ಮತ್ತೆ ಮುಖ ಮರೆಸಿದಳು, ಸರಿಸಿದಳು. ಮತ್ತೆ ನಗು. ಬೇಕೆಂದೇ ಸ್ವಲ್ಪ ಕಾಯಿಸಿ ಸರಿಸಿದಳು. ನಗು ಇನ್ನೂ ಜೋರಾಯಿತು.

"ಮಿಸ್! ಇದು ನಾನು ಮಾಡಿದ್ದು!"

"ಹೌದು ಕಣೇ. ಇದು ನೀನೇ ಮಾಡಿದ್ದು."

ಮತ್ತೆ, ಮತ್ತೆ, ಮತ್ತೆ. ಕೊನೆಗೆ ಒಳಗಿನಿಂದ ನಂಜಮ್ಮನವರ ದನಿ ಬಂತು: "ಸಾಕು ಬುಡೇ, ನಗ್ಸಿ ನಗ್ಸಿ ಮಗೀಗೆ ಬಿಕ್ಕಳಿಕೆ ಬಂತು!"

ಯಶು ಸೊಂಟದ ಮೇಲೆ ಕೈಯಿಟ್ಟುಕೊಂಡು, ಮನೆಯೆಲ್ಲ ಕೇಳುವ ಹಾಗೆ ಸಾರಿದಳು:

"ಅದೂ ನಾನೇ!"